ಡೇಕೇರ್‌ಗೆ ಬಿಡುವ ಕೂಸಿನ ಬ್ಯಾಗಿನಲ್ಲಿ ಒಂದು ಪುಟ್ಟ ನೋಟ್‌ಬುಕ್

ಹಾಲು ಕುಡಿದ ಹೊತ್ತು, ಎಷ್ಟು ಎಂಎಲ್, ಒದ್ದೆ ಡೈಪರ್ ಎಷ್ಟು, ಮಲಗಿದ್ದು ಎದ್ದದ್ದು ಯಾವಾಗ. ಇಷ್ಟನ್ನು ಡೇಕೇರ್‌ನ ಆಯಾ ಆಗಾಗಲೇ ಬರೆದಿಡಲು ಒಂದು ಪುಟ್ಟ ನೋಟ್‌ಬುಕ್ ಮಗುವಿನ ಬ್ಯಾಗಿನಲ್ಲೇ ಕಳಿಸಿ. ಸಂಜೆ "ಮಗು ಚೆನ್ನಾಗಿತ್ತಾ?" ಎಂದರೆ "ಹೂಂ" ಎಂದಷ್ಟೇ ಉತ್ತರ ಬರುತ್ತದೆ, ಅಲ್ವಾ? ಅದರ ಬದಲು ಪುಸ್ತಕ ತೆರೆದು "ಅಕ್ಕಾ, ಹನ್ನೊಂದರಿಂದ ಮೂರರವರೆಗೆ ಹಾಲೇ ಕುಡಿದಿಲ್ಲ, ಬೇಡ ಅಂತ ಅಳ್ತಿತ್ತಾ?" ಎಂದು ಕೇಳಿ. ದೂರಿದ ಹಾಗೆ ಆಗುವುದಿಲ್ಲ, ಅವರೂ ನೆನಪು ಮಾಡಿಕೊಂಡು ಹೇಳುತ್ತಾರೆ. ಡೈಪರ್ ಲೆಕ್ಕ ಮಾತ್ರ ಬಿಡಬೇಡಿ. ಮೊದಲ ವಾರ ಕಳೆದ ಮೇಲೆ, ಹಾಲು ಸಾಕಾಗುತ್ತಿರುವ ಎಳೆಗೂಸು 24 ಗಂಟೆಯಲ್ಲಿ ಸಾಮಾನ್ಯವಾಗಿ 6 ಸಲವಾದರೂ ಉಚ್ಚೆ ಮಾಡುತ್ತದೆ. ಮನೆಯ ಲೆಕ್ಕವನ್ನೂ ಸೇರಿಸಿ ನೋಡಿ. ಎದೆಹಾಲು ಹಿಂಡಿ ಕಳಿಸುವವರು ಹಿಂಡಿದ ಹೊತ್ತನ್ನು ಬಾಟಲಿ ಮೇಲೆ ಬರೆಯಿರಿ. ಹಾಗೇ ಹೊರಗಿಟ್ಟರೆ ಹಿಂಡಿದ 4 ಗಂಟೆಯೊಳಗೆ ಕುಡಿಸಬೇಕು. ಕೊಡಗಿನ ಮಳೆಗಾಲದಲ್ಲಿ ಕರೆಂಟ್ ನಂಬಿ ಫ್ರಿಜ್‌ನಲ್ಲಿ ಬಿಡುವುದಕ್ಕಿಂತ ಐಸ್‌ಪ್ಯಾಕ್ ಇಟ್ಟ ಚೀಲವೇ ವಾಸಿ. ಒಬ್ಬರೇ ಆಯಾ ತುಂಬಾ ಮಕ್ಕಳನ್ನು ನೋಡಿಕೊಳ್ಳುವ ಕಡೆ ಈ ಉಪಾಯ ಕೈಕೊಡುತ್ತದೆ. ಸಂಜೆ ಒಂದೇ ಸಲ ಅಂದಾಜಿಗೆ ತುಂಬಿಬಿಡುತ್ತಾರೆ. ದಿನವೂ 10, 12, 2 ಎಂದು ಒಂದೇ ಹೊತ್ತು ಕಂಡರೆ ಹಾಗೆಂದು ತಿಳಿಯಿರಿ. ಆಗ ಹೇಳದೆ ಕೇಳದೆ ಮಧ್ಯಾಹ್ನ ಹತ್ತು ನಿಮಿಷ ಹೋಗಿ ನೋಡಿ ಬನ್ನಿ. ಒಳಗೆ ಬಿಡದಿದ್ದರೆ ಮಗುವನ್ನು ಅಲ್ಲಿ ಬಿಡಬೇಡಿ. ಮೈಮೇಲೆ ಕಂದಿದ ಗುರುತು ಕಂಡರೆ, ಇಲ್ಲವೇ 3 ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಪುಸ್ತಕ ನೋಡುತ್ತಾ ಕೂರಬೇಡಿ, ನೇರ ಡಾಕ್ಟರ್ ಹತ್ತಿರ ಹೋಗಿ. ಯಾರೋ ಹೊಡೆದಿರಬಹುದು ಎಂಬ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.