ಮದುವೆ ಕ್ಯಾಸೆಟ್ಟಿನ ಎಐ ಅಪ್‌ಸ್ಕೇಲಿಂಗ್: ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ

ಮಾಂಗಲ್ಯಧಾರಣೆಯ ಹೊತ್ತಿಗೆ ಸುತ್ತ ನಿಂತವರು ಅಕ್ಷತೆ ಎರಚುತ್ತಾರೆ. 1994ರಲ್ಲಿ ಬಸವನಗುಡಿಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ನಮ್ಮ ಅಕ್ಕನ ಮದುವೆಯ ಕ್ಯಾಸೆಟ್ಟಿನಲ್ಲಿ ಆ ದೃಶ್ಯ ಹನ್ನೆರಡು ಸೆಕೆಂಡು ಇದೆ. ಎಐ ತಂತ್ರಾಂಶದಿಂದ ಅದನ್ನು ಮೊದಲ ಸಲ ಅಪ್‌ಸ್ಕೇಲ್ ಮಾಡಿದಾಗ, ಅಂದರೆ ಚಿತ್ರವನ್ನು ಹಿಗ್ಗಿಸಿ ವಿವರ ತುಂಬಿಸಿದಾಗ, ಅಕ್ಕನ ಸೀರೆಯ ಜರಿ ಅಂಚು ಚೆನ್ನಾಗಿಯೇ ಎದ್ದು ಬಂತು; ಆದರೆ ಕೈಗಳು ಮೇಲೇಳುತ್ತಿದ್ದವು, ಬೆರಳುಗಳು ಬಿಚ್ಚಿಕೊಳ್ಳುತ್ತಿದ್ದವು, ಅಕ್ಷತೆ ಮಾತ್ರ ಬೀಳುತ್ತಲೇ ಇರಲಿಲ್ಲ. ಟೇಪು ಸವೆದು ಮೂಡಿದ ಬಿಳಿ ಚುಕ್ಕೆಗಳನ್ನು ತೆಗೆಯಲೆಂದು ನಾನು ನಾಯ್ಸ್ ಕಡಿಮೆ ಮಾಡುವ ಆಯ್ಕೆಯನ್ನು ಪೂರ್ತಿ ಏರಿಸಿದ್ದೆ. ಒಂದೆರಡು ಫ್ರೇಮ್‌ಗಳಲ್ಲಿ ಮಿಂಚಿ ಮರೆಯಾಗುವ ಅಕ್ಕಿಕಾಳನ್ನೂ ತಂತ್ರಾಂಶ ಟೇಪಿನ ದೋಷವೆಂದೇ ಎಣಿಸಿ ಒರೆಸಿಹಾಕಿತ್ತು.

ಆ ರಾತ್ರಿ ನನ್ನ ಕಾರ್ಡ್ ಚಿಕ್ಕದಾದ್ದರಿಂದ ಹೀಗಾಯಿತೇನೋ ಎಂದು ನಾನೂ ಯೋಚಿಸಿದ್ದುಂಟು. ಹಾಗಲ್ಲ. ಒಂದೇ ಮಾಡೆಲನ್ನು (ಚಿತ್ರವನ್ನು ತಿದ್ದುವ ಎಐ ಭಾಗವನ್ನು) ಒಂದೇ ಸೆಟ್ಟಿಂಗಿನಲ್ಲಿ ಎನ್ವಿಡಿಯಾ ಕಂಪನಿಯ ಸಾಧಾರಣ ಕಾರ್ಡಾದ ಆರ್‌ಟಿಎಕ್ಸ್ 4060ರಲ್ಲಿ ಓಡಿಸಿದರೂ ಅದರದೇ ದುಬಾರಿ 4090ರಲ್ಲಿ ಓಡಿಸಿದರೂ ಕಣ್ಣಿಗೆ ಕಾಣುವ ಚಿತ್ರ ಒಂದೇ. ಬೇರೆಯಾಗುವುದು ಕಾಯುವ ಗಂಟೆಗಳು. ಕಾರ್ಡಿಗೆ ಕೊಟ್ಟ ದುಡ್ಡು ಸಮಯವನ್ನು ಉಳಿಸುತ್ತದೆ. ಚಿತ್ರ ಚೆನ್ನಾಗಿ ಬರುವುದು ಮೂಲ ಕಡತದಿಂದ, ಡಿಇಂಟರ್‌ಲೇಸ್ ಮಾಡಿದ (ಅರ್ಧರ್ಧ ಚಿತ್ರಗಳಿಂದ ಪೂರ್ಣ ಫ್ರೇಮ್ ಕಟ್ಟಿದ) ಬಗೆಯಿಂದ ಮತ್ತು ಆರಿಸಿಕೊಂಡ ಮಾಡೆಲ್‌ನಿಂದ. ಆದ್ದರಿಂದ ಕಾರ್ಡ್ ಕೊಳ್ಳಲು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌.ಪಿ. ರೋಡಿಗೆ ಹೋಗುವ ಮುನ್ನ ಕೆಳಗಿನ ಕೆಲಸಗಳನ್ನು ಈಗಿರುವ ಕಂಪ್ಯೂಟರಿನಲ್ಲೇ ಮಾಡಿ ನೋಡಬೇಕೆಂಬುದು ನನ್ನ ಆಗ್ರಹ.

ಮೊದಲು ಮೂಲ ಕಡತವನ್ನು ಪರೀಕ್ಷಿಸಬೇಕು. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ವಿಡಿಯೊ 720×576 ಅಳತೆಯದು. ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮಿನಲ್ಲಿಯೂ ಬೇರೆ ಬೇರೆ ಕ್ಷಣದಲ್ಲಿ ಹಿಡಿದ ಎರಡು ಫೀಲ್ಡ್‌ಗಳು (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರಗಳು), ಅಂದರೆ ಸೆಕೆಂಡಿಗೆ 50 ಫೀಲ್ಡ್. ಕ್ಯಾಸೆಟ್ಟನ್ನು ಡಿವಿಡಿಗೋ ಎಂಪಿ4ಗೋ ಹಾಕಿಸಿಕೊಂಡವರ ಕೈಗೆ ಬರುವ ಕಡತಗಳಲ್ಲಿ ಈ ಎರಡು ಫೀಲ್ಡ್‌ಗಳನ್ನು ಒಂದರ ಮೇಲೊಂದು ಕಲಸಿಬಿಟ್ಟಿರುವುದು ಸಾಮಾನ್ಯ. ನಮ್ಮ ಬಡಾವಣೆಯ ಅಂಗಡಿಯೊಂದರಲ್ಲಿ ಮಾಡಿಸಿದ ಕಡತದಲ್ಲಿ ನಡೆದುಹೋಗುವ ಪ್ರತಿಯೊಬ್ಬರ ಹಿಂದೆಯೂ ಒಂದು ಮಸುಕು ನೆರಳು ಬರುತ್ತಿತ್ತು. ಅದನ್ನು ಯಾವ ಮಾಡೆಲೂ ಬಿಡಿಸಲಾರದು, ಕಲಸಿದ ಅನ್ನವನ್ನು ಮತ್ತೆ ಅನ್ನ ಬೇರೆ ಸಾರು ಬೇರೆ ಮಾಡಲು ಹೇಗೆ ಸಾಧ್ಯವಿಲ್ಲವೋ ಹಾಗೆ. ನಿಮ್ಮ ಕಡತವೂ ಹಾಗಿದ್ದರೆ ಅಪ್‌ಸ್ಕೇಲಿಂಗ್ ಬದಿಗಿಟ್ಟು, ಕೆಲಸ ಮಾಡುವ ಒಂದು ವಿಸಿಆರ್ ಹುಡುಕಿ, ಕ್ಯಾಸೆಟ್ಟನ್ನು 720×576ರಲ್ಲಿ, ಫೀಲ್ಡ್‌ಗಳನ್ನು ಹಾಗೆಯೇ ಉಳಿಸಿ, ಎಫ್‌ಎಫ್‌ವಿ1ನಂತಹ ನಷ್ಟವಿಲ್ಲದ ರೂಪದಲ್ಲಿ ಮತ್ತೊಮ್ಮೆ ಇಳಿಸಿಕೊಳ್ಳಿ. ಮಿನಿ ಡಿವಿ ಕ್ಯಾಸೆಟ್ ಇದ್ದವರಿಗೆ ಈ ಕಷ್ಟವಿಲ್ಲ. ಫೈರ್‌ವೈರ್ ಎಂಬ ಕೇಬಲ್ ಮೂಲಕ ಇಳಿಸಿಕೊಂಡರೆ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ ಮತ್ತು ಟೇಪಿನಲ್ಲಿದ್ದದ್ದು ಇದ್ದ ಹಾಗೆಯೇ ಬರುತ್ತದೆ.

ಮುಂದಿನ ಹೆಜ್ಜೆ ಡಿಇಂಟರ್‌ಲೇಸ್. ಇದಕ್ಕೆ ಬಹಳ ಜನ ನೆಚ್ಚಿಕೊಂಡಿರುವುದು ಕ್ಯುಟಿಜಿಎಂಸಿ ಎಂಬ ಉಚಿತ ಸಾಧನವನ್ನು. ಹೈಬ್ರಿಡ್ ಎಂಬ ಉಚಿತ ತಂತ್ರಾಂಶದ ಒಳಗಿನಿಂದಲೇ ಅದನ್ನು ನಡೆಸಬಹುದು. 50 ಫೀಲ್ಡ್‌ಗಳಿಂದ 50 ಪೂರ್ಣ ಫ್ರೇಮ್‌ಗಳನ್ನು ಪಡೆಯಿರಿ, 25ಕ್ಕೆ ಇಳಿಸಬೇಡಿ; ಚಲನೆಯ ನಯ ಇರುವುದೇ ಅಲ್ಲಿ. ಚಲನೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಜಗ್ಗಿದಂತೆ ಕಂಡರೆ ಫೀಲ್ಡ್‌ಗಳ ಕ್ರಮ ತಲೆಕೆಳಗಾಗಿದೆ ಎಂದು ತಿಳಿಯಿರಿ. ಪಾಲ್ ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ, ವಿಸಿಆರ್‌ನಿಂದ ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡ್‌ಗಳಲ್ಲಿ ಅನೇಕವು ಮೇಲಿನದನ್ನು ಮೊದಲು ಕೊಡುತ್ತವೆ. ವಿಸಿಆರ್‌ನಲ್ಲಿ ಹಾಕುವ ವಿಎಚ್‌ಎಸ್ ಕ್ಯಾಸೆಟ್ಟಿನ ಚಿತ್ರದ ತಳದಲ್ಲಿ ಕೆಲವು ಗೆರೆಗಳಷ್ಟು ಎತ್ತರದ ಒಂದು ಹರಿದ ಪಟ್ಟಿ ಇರುತ್ತದೆ. ಅದನ್ನು ಈಗಲೇ ಕತ್ತರಿಸಿ, ಇಲ್ಲವಾದರೆ ಮಾಡೆಲ್ ಅದನ್ನೇ ಶ್ರದ್ಧೆಯಿಂದ ಚಿತ್ತಾರವಾಗಿ ಬೆಳೆಸುತ್ತದೆ. ಈ ಹಂತದ ಕೆಲಸವನ್ನು ಹೆಚ್ಚಿನಂಶ ಹೊರುವುದು ಪ್ರೊಸೆಸರ್. ಹಾಗಾಗಿ ಆಗ ಗ್ರಾಫಿಕ್ಸ್ ಕಾರ್ಡ್ ಸುಮ್ಮನಿದ್ದರೆ ಗಾಬರಿಯಾಗಬೇಕಾದ್ದಿಲ್ಲ.

ಇನ್ನು ಪರೀಕ್ಷೆ. ಇಡೀ ಕ್ಯಾಸೆಟ್ಟಿನಿಂದ ಹತ್ತು ಹತ್ತು ಸೆಕೆಂಡಿನ ಮೂರು ತುಣುಕುಗಳನ್ನು ಕತ್ತರಿಸಿಕೊಳ್ಳಿ, ಆದರೆ ಸುಂದರವಾದವನ್ನಲ್ಲ, ಅತಿ ಕಷ್ಟದವನ್ನು. ಒಂದರಲ್ಲಿ ಅಕ್ಷತೆಯೋ ಹೋಮದ ಹೊಗೆಯೋ ಇರಲಿ. ಎರಡನೆಯದರಲ್ಲಿ ಊಟದ ಪಂಕ್ತಿಯಂತೆ ದೂರದಲ್ಲಿ ಸಾಲಾಗಿ ಕುಳಿತ ಹತ್ತಾರು ಚಿಕ್ಕ ಮುಖಗಳಿರಲಿ. ಮೂರನೆಯದರಲ್ಲಿ ಕನ್ನಡ ಅಕ್ಷರಗಳಿರಲಿ. ನಮ್ಮ ಕ್ಯಾಸೆಟ್ಟಿನಲ್ಲಿ ಮಂಟಪದ ಹಿಂದೆ ಥರ್ಮಕೋಲಿನಲ್ಲಿ ಕೊರೆದ ವಧೂವರರ ಹೆಸರಿದೆ; ಒಂದು ಮಾಡೆಲ್ ಒತ್ತಕ್ಷರಗಳನ್ನು ಬಳ್ಳಿಯ ಸುರುಳಿಗಳಂತೆ ತಿದ್ದಿತು, ಇನ್ನೊಂದು ದೀರ್ಘದ ಕೊಂಬನ್ನೇ ನುಂಗಿತು. ಚೂಪಾಗಿ, ಅಚ್ಚುಕಟ್ಟಾಗಿ, ಓದಲಾಗದಂತೆ. ಮಸುಕಾಗಿದ್ದ ಮೂಲದಲ್ಲಿ ಹೆಸರನ್ನು ಓದಬಹುದಿತ್ತು. ಮುಖಗಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಮುಖ ತಿದ್ದುವ ಆಯ್ಕೆಯನ್ನು ಹೆಚ್ಚಿಸಿದಾಗ ನಮ್ಮಜ್ಜಿಯ ಮೂಗುಬೊಟ್ಟು ಮಾಯವಾಗಿ, ಕೆನ್ನೆಯ ಸುಕ್ಕುಗಳು ನಯವಾಗಿ, ಪರಿಚಯವೇ ಇಲ್ಲದ ಒಬ್ಬ ಹೆಂಗಸು ಅಜ್ಜಿಯ ಸೀರೆ ಉಟ್ಟು ಕುಳಿತಂತಾಯಿತು. ಈ ತುಣುಕುಗಳನ್ನು ಅಂದು ಮಂಟಪದಲ್ಲಿದ್ದ ಯಾರಿಗಾದರೂ ತೋರಿಸಿ. ನಮ್ಮಮ್ಮ ಒಂದೇ ನೋಟಕ್ಕೆ ‘ಇದು ನಮ್ಮತ್ತೆ ಅಲ್ಲ ಕಣೋ’ ಎಂದರು. ಆ ಪರೀಕ್ಷೆಯನ್ನು ಯಾವ ಯಂತ್ರವೂ ಮಾಡಿಕೊಡುವುದಿಲ್ಲ.

ಮಾಡೆಲ್‌ಗಳ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಹಣ ಕೊಟ್ಟು ಬಳಸುವ ಟೋಪಾಜ್ ತಂತ್ರಾಂಶದಲ್ಲಿ ಪ್ರೋಟಿಯಸ್ ಎಂಬ ಮಾಡೆಲ್‌ನ ಪ್ರತಿ ಅಂಶವನ್ನೂ ಕೈಯಾರೆ ಹೊಂದಿಸಬಹುದಾದ್ದರಿಂದ ಹಳೆಯ ಟೇಪುಗಳಿಗೆ ಅಲ್ಲಿಂದ ಆರಂಭಿಸುವುದು ಒಳ್ಳೆಯದು. ಐರಿಸ್ ಮುಖಗಳಿಗೆಂದೇ ಮಾಡಿದ್ದು, ಹತ್ತಿರದ ಮುಖಗಳಿಗೆ ಮಾತ್ರ ಬಳಸಿ. 2025ರಲ್ಲಿ ಬಂದ ಸ್ಟಾರ್‌ಲೈಟ್ ಡಿಫ್ಯೂಷನ್ ಬಗೆಯದು. ತೀರ ಕೆಟ್ಟ ಚಿತ್ರದಿಂದಲೂ ಬೆರಗಾಗುವಂಥದ್ದನ್ನು ತೆಗೆಯಬಲ್ಲದು, ಆದರೆ ಕಾರ್ಡಿನ ಮೇಲೆ ಅದರ ಹೊರೆ ಬಹಳ ಹೆಚ್ಚು, ಮತ್ತು ಇಲ್ಲದ್ದನ್ನು ಊಹಿಸಿ ತುಂಬುವುದು ಆ ಬಗೆಯ ಮಾಡೆಲ್‌ಗಳ ಸ್ವಭಾವವೇ ಆಗಿದೆ. ಖರ್ಚು ಬೇಡವೆನ್ನುವವರಿಗೆ ರಿಯಲ್-ಇಎಸ್‌ಆರ್‌ಗ್ಯಾನ್ ಇದೆ, ಅದನ್ನು ವಿಡಿಯೊಗೆ ಸುಲಭವಾಗಿ ಒದಗಿಸುವ ವಿಡಿಯೊ2ಎಕ್ಸ್ ಇದೆ. ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯ ಮೂಲಕ ನಡೆಯುವ ರಿಯಲ್-ಇಎಸ್‌ಆರ್‌ಗ್ಯಾನಿನ ಆವೃತ್ತಿ ಎನ್ವಿಡಿಯಾ ಮಾತ್ರವಲ್ಲದೆ ಎಎಂಡಿ ಮತ್ತು ಇಂಟೆಲ್ ಕಾರ್ಡ್‌ಗಳಲ್ಲಿಯೂ ಓಡುತ್ತದೆ. ಅದು ಫ್ರೇಮ್‌ಗಳನ್ನು ಒಂದೊಂದಾಗಿಯೇ ನೋಡುವುದರಿಂದ ಸೀರೆಯ ಮಡಿಕೆಗಳಲ್ಲಿ ಸಣ್ಣ ಕಂಪನ ಕಾಣಬಹುದು.

ಗುರಿಯ ಅಳತೆ ಎಷ್ಟಿರಬೇಕೆಂಬುದನ್ನು ಕಾರ್ಡಿನ ವೇಗ ಅಳೆಯುವ ಮುನ್ನವೇ ತೀರ್ಮಾನಿಸಬೇಕು. ವಿಎಚ್‌ಎಸ್ ಟೇಪು ಅಡ್ಡಸಾಲಿನಲ್ಲಿ ಹಿಡಿದಿಡಬಲ್ಲ ವಿವರ ಸುಮಾರು 240 ಗೆರೆಗಳಷ್ಟು ಮಾತ್ರ. ಅದನ್ನು 4ಕೆಗೆ ಎಳೆಯುವುದರಲ್ಲಿ ನನಗೆ ಪ್ರಯೋಜನ ಕಂಡಿಲ್ಲ. 4:3 ಅನುಪಾತದ 1440×1080 ಸಾಕು. 4ಕೆಯಷ್ಟು ಎತ್ತರದ 2880×2160ರಲ್ಲಿ ಪಿಕ್ಸೆಲ್‌ಗಳು ಇದರ ನಾಲ್ಕು ಪಟ್ಟು, ಕಡತವೂ ಕಾಯುವ ಹೊತ್ತೂ ಅದಕ್ಕೆ ತಕ್ಕಂತೆ ಬೆಳೆಯುತ್ತವೆ.

ಈಗ ಲೆಕ್ಕ ಹಾಕಿ. ಸೆಕೆಂಡಿಗೆ 50 ಫ್ರೇಮ್‌ನಂತೆ ಒಂದು ಗಂಟೆಯ ವಿಡಿಯೊ ಎಂದರೆ 1,80,000 ಫ್ರೇಮ್. ನಿಮ್ಮ ಪರೀಕ್ಷಾ ತುಣುಕು ಸೆಕೆಂಡಿಗೆ 8 ಫ್ರೇಮ್ ವೇಗದಲ್ಲಿ ಮುಗಿದಿದ್ದರೆ ಆ ಒಂದು ಗಂಟೆಗೆ ಆರೂಕಾಲು ಗಂಟೆ ಬೇಕು. ವೇಗ 2 ಫ್ರೇಮ್ ಆಗಿದ್ದರೆ 25 ಗಂಟೆ. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡುವುದಾದರೆ ಮೊದಲನೆಯದು ಸಾಕಾಗುತ್ತದೆ, ಒಂದೆರಡು ಕ್ಯಾಸೆಟ್ಟುಗಳಿಗಾಗಿ ಹೊಸ ಕಾರ್ಡ್ ಕೊಳ್ಳುವ ಅಗತ್ಯವೇ ಇಲ್ಲ. ವೇಗವನ್ನು ಅಳೆಯುವಾಗ ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಏಕೆಂದರೆ ಮಾಡೆಲ್ ಇಳಿಸಿಕೊಳ್ಳುವುದಕ್ಕೂ ನಿಮ್ಮ ಕಾರ್ಡಿಗೆ ತಕ್ಕಂತೆ ಅದನ್ನು ಹೊಂದಿಸಿಕೊಳ್ಳುವುದಕ್ಕೂ ಆಗ ಕೆಲವು ನಿಮಿಷ ಹಿಡಿಯಬಹುದು. ತಂತ್ರಾಂಶ ನಿಂತುಹೋಯಿತೆಂದು ಅದನ್ನು ಮುಚ್ಚಿಬಿಡುವವರು ಬಹಳ.

ವೇಗ ನಿರೀಕ್ಷೆಗಿಂತ ಕಡಿಮೆಯಿದ್ದರೆ ಕಾರ್ಡನ್ನೇ ದೂರುವ ಮೊದಲು ಕಾರಣ ಹುಡುಕಿ. ಟಾಸ್ಕ್ ಮ್ಯಾನೇಜರಿನಲ್ಲಿ ‘3ಡಿ’ ಎಂಬ ಗ್ರಾಫನ್ನು ಮಾತ್ರ ನೋಡಿ ಕಾರ್ಡ್ ಕೆಲಸ ಮಾಡುತ್ತಿಲ್ಲವೆಂದು ಹೇಳುವವರನ್ನು ಕಂಡಿದ್ದೇನೆ. ಎಐ ಲೆಕ್ಕಾಚಾರ ಆ ಗ್ರಾಫಿನಲ್ಲಿ ಕಾಣದೆ ಹೋಗುವುದುಂಟು. ಎನ್ವಿಡಿಯಾ ಕಾರ್ಡ್ ಇದ್ದವರು ಕಮಾಂಡ್ ಪ್ರಾಂಪ್ಟಿನಲ್ಲಿ ‘ಎನ್ವಿಡಿಯಾ-ಎಸ್‌ಎಂಐ’ (nvidia-smi) ಆಜ್ಞೆ ಕೊಟ್ಟರೆ ಬಳಕೆ, ಮೆಮೊರಿ, ಉಷ್ಣತೆ, ವಿದ್ಯುತ್ತು ನಾಲ್ಕೂ ಒಂದೇ ಕಡೆ ಸಿಗುತ್ತವೆ. ಬಳಕೆ ನೂರರ ಹತ್ತಿರವಿದ್ದರೆ ಕಾರ್ಡ್ ತನ್ನ ಕೈಲಾದಷ್ಟು ಮಾಡುತ್ತಿದೆ. ನಲವತ್ತು ಐವತ್ತರಲ್ಲಿ ತೂಗಾಡುತ್ತಿದ್ದರೆ ಫ್ರೇಮ್‌ಗಳನ್ನು ಬಿಡಿಸಿ ಕೊಡುವ ಪ್ರೊಸೆಸರೋ, ಬರೆದುಕೊಳ್ಳುವ ಹಾರ್ಡ್ ಡಿಸ್ಕೋ ಹಿಂದೆ ಬಿದ್ದಿದೆ. ಮೂಲ ಕಡತವನ್ನು ಎಸ್‌ಎಸ್‌ಡಿಗೆ ಹಾಕಿ, ಎನ್‌ಕೋಡಿಂಗ್ ಕೆಲಸವನ್ನು, ಅಂದರೆ ವಿಡಿಯೊವನ್ನು ಕುಗ್ಗಿಸಿ ಬರೆಯುವುದನ್ನು, ಪ್ರೊಸೆಸರಿನಿಂದ ಕಾರ್ಡಿನಲ್ಲಿ ಅದಕ್ಕೆಂದೇ ಇರುವ ಎನ್‌ವಿಎನ್‌ಕ್ ಎಂಬ ಭಾಗಕ್ಕೆ ವರ್ಗಾಯಿಸಿ ನೋಡಿ. ವಿಡಿಯೊ ಮೆಮೊರಿ ತುಂಬಿ ತುಳುಕಿ ಸಾಮಾನ್ಯ ರ್ಯಾಮಿಗೆ ಹರಿದಾಗ ವೇಗ ಒಮ್ಮೆಗೇ ಕುಸಿಯುತ್ತದೆ. ರಿಯಲ್-ಇಎಸ್‌ಆರ್‌ಗ್ಯಾನಿನಲ್ಲಿ ಟೈಲ್ ಅಳತೆಯನ್ನು ಕಡಿಮೆ ಮಾಡಿದರೆ, ಅಂದರೆ ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಒಡೆದು ಕೊಟ್ಟರೆ, 4 ಜಿಬಿ ಕಾರ್ಡಿನಲ್ಲಿಯೂ ಕೆಲಸ ಸಾಗುತ್ತದೆ.

ಇಷ್ಟಾದರೂ ಕಾರ್ಡ್ ಬೇಕೇಬೇಕೆಂದಾದರೆ ಹೆಸರನ್ನು ನಂಬಬೇಡಿ, ಅಳತೆಗಳನ್ನು ಓದಿ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4070ರಲ್ಲಿ 12 ಜಿಬಿ ಮೆಮೊರಿ ಇದ್ದರೆ ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿನಲ್ಲಿ ಇರುವುದು 8 ಜಿಬಿ. ಹಳೆಯ 3060ರ ಮೊದಲ ಆವೃತ್ತಿಗೆ 12 ಜಿಬಿ ಇದೆ, ಅದಕ್ಕಿಂತ ಹೊಸದಾದ 4060ಕ್ಕೆ 8 ಜಿಬಿ. ಭಾರದ ಮಾಡೆಲ್‌ಗಳಿಗೆ ಹಳೆಯದೇ ಅನುಕೂಲವಾಗುವ ಸಂದರ್ಭಗಳಿವೆ. 4090 ಒಂದೇ 450 ವ್ಯಾಟ್ ಎಳೆಯಬಲ್ಲದು, 5090 ಆದರೆ 575. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ನಿಮ್ಮ ಎಸ್‌ಎಂಪಿಎಸ್ ಅದನ್ನು ತಾಳುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಖಚಿತಪಡಿಸಿಕೊಳ್ಳಿ. ಹೊಸ ತಲೆಮಾರಿನ ಕಾರ್ಡ್ ಕೊಂಡವರು ತಂತ್ರಾಂಶವನ್ನೂ ಹೊಸದಾಗಿಸಿಕೊಳ್ಳಬೇಕು: ಆರ್‌ಟಿಎಕ್ಸ್ 50ರ ಸರಣಿಗೆ ಕುಡಾ (ಎನ್ವಿಡಿಯಾ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ತಂತ್ರಾಂಶ) 12.8 ಅಥವಾ ಅದಕ್ಕೂ ಹೊಸದು ಬೇಕಾದ್ದರಿಂದ, ಎಐ ಮಾಡೆಲ್‌ಗಳನ್ನು ಓಡಿಸುವ ಪೈಟಾರ್ಚ್‌ನ ಹಳೆಯ ಆವೃತ್ತಿಯ ಮೇಲೆ ಕಟ್ಟಿದ ಉಚಿತ ಸಾಧನಗಳು 2025ರಲ್ಲಿ ದುಬಾರಿ ಕಾರ್ಡಿನಲ್ಲಿಯೂ ಓಡದೆ ಅನೇಕರನ್ನು ಕಂಗೆಡಿಸಿದವು.

ದೀರ್ಘ ಓಟಕ್ಕೆ ಬೆಂಗಳೂರಿನ ಮನೆಯನ್ನು ಸಜ್ಜು ಮಾಡುವುದೂ ಈ ಕೆಲಸದ ಭಾಗವೇ. ಆಟವಾಡುವಾಗ ಕಾರ್ಡಿಗೆ ನಡುನಡುವೆ ಬಿಡುವು ಸಿಗುತ್ತದೆ, ಇಲ್ಲಿ ಹತ್ತು ಗಂಟೆ ಒಂದೇ ಸಮನೆ ದುಡಿತ. ಏಪ್ರಿಲ್ ಮಧ್ಯಾಹ್ನ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು 83 ಡಿಗ್ರಿಯ ಆಸುಪಾಸಿಗೆ ಮುಟ್ಟಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳಬಹುದು; ಆದ್ದರಿಂದ ರಾತ್ರಿಯ ಹೊತ್ತು ಓಡಿಸಿ, ರಸ್ತೆಯ ಧೂಳು ತುಂಬಿದ ಫ್ಯಾನು ಮತ್ತು ಜಾಲರಿಗಳನ್ನು ಮೊದಲು ಒರೆಸಿ. ಡೆಸ್ಕ್‌ಟಾಪ್ ಕಾರ್ಡಿನ ವಿದ್ಯುತ್ ಮಿತಿಯನ್ನು ಶೇ. 80ಕ್ಕೆ ಇಳಿಸಿದರೆ ವೇಗ ಅಲ್ಪಸ್ವಲ್ಪವಷ್ಟೇ ಕಡಿಮೆಯಾಗಿ ಶಾಖ ಮತ್ತು ಸದ್ದು ಬಹಳವೇ ತಗ್ಗುತ್ತವೆ. ಇಡೀ ಕಂಪ್ಯೂಟರ್ 350 ವ್ಯಾಟ್ ಬಳಸುತ್ತದೆ ಎಂದುಕೊಂಡರೆ, ಮೂರು ಗಂಟೆಯ ಹತ್ತು ಕ್ಯಾಸೆಟ್ಟುಗಳಿಗೆ ಮೇಲಿನ 8 ಫ್ರೇಮ್‌ನ ವೇಗದಲ್ಲಿ ಸುಮಾರು 65 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ ಫಲಾನುಭವಿಗಳು ಇದನ್ನು ಒಂದೇ ತಿಂಗಳಲ್ಲಿ ಮಾಡಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಕೆಲಸವನ್ನು ಎರಡು ಮೂರು ತಿಂಗಳಿಗೆ ಹಂಚಿಕೊಳ್ಳಿ.

ಕರೆಂಟ್ ಹೋಗುವ ವಿಷಯದಲ್ಲಿ ನಾನು ಒಂದು ರಾತ್ರಿಯ ಕೆಲಸವನ್ನು ಪೂರ್ತಿ ಕಳೆದುಕೊಂಡಿದ್ದೇನೆ. ನಾಲ್ಕು ಗಂಟೆ ಓಡಿದ ಮೇಲೆ ಮಳೆ ಬಂದು ದೀಪಗಳು ಆರಿದವು. ಎಂಪಿ4 ಕಡತದ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುವುದರಿಂದ, ಡಿಸ್ಕಿನಲ್ಲಿ ಹಲವು ಜಿಬಿ ಇದ್ದರೂ ಒಂದು ಫ್ರೇಮ್ ಕೂಡ ತೆರೆಯಲಿಲ್ಲ. ಅಂದಿನಿಂದ ವಿಡಿಯೊವನ್ನು ಹತ್ತು ನಿಮಿಷದ ಭಾಗಗಳಾಗಿ ಮಾಡಿಯೇ ಸರದಿಗೆ ಹಾಕುತ್ತೇನೆ, ತಂತ್ರಾಂಶ ಅವಕಾಶ ಕೊಟ್ಟರೆ ಅರ್ಧಕ್ಕೆ ನಿಂತರೂ ಸಾಮಾನ್ಯವಾಗಿ ತೆರೆಯುವ ಎಂಕೆವಿ ರೂಪವನ್ನು ಆರಿಸುತ್ತೇನೆ. ಮನೆಯ ಇನ್ವರ್ಟರನ್ನೇ ನೆಚ್ಚಿಕೊಳ್ಳುವವರು ಅದರ ಹಿಂಬದಿಯಲ್ಲಿರುವ ಗುಂಡಿ ‘ಯುಪಿಎಸ್’ ಎಂಬ ಸ್ಥಾನದಲ್ಲಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಬದಲಾಗುವ ಆ ಅರೆಕ್ಷಣದಲ್ಲಿ ಕಂಪ್ಯೂಟರ್ ಮರುಪ್ರಾರಂಭವಾಗುವ ಸಂಭವವಿದೆ.

ಕೊನೆಯ ಕಡತವನ್ನು 10 ಬಿಟ್ ಎಚ್.265 ಎಂಬ ಕುಗ್ಗಿಸಿದ ವಿಡಿಯೊ ರೂಪದಲ್ಲಿ ಉಳಿಸಿಕೊಳ್ಳಿ. ಬಣ್ಣವನ್ನೊಮ್ಮೆ ಮೂಲದ ಪಕ್ಕದಲ್ಲಿಟ್ಟು ನೋಡಿ: ಹಳೆಯ ವಿಡಿಯೊದ ಬಣ್ಣದ ಲೆಕ್ಕ ಬಿಟಿ.601, ಎಚ್‌ಡಿಯದು ಬಿಟಿ.709, ಪರಿವರ್ತನೆ ಸರಿಯಾಗಿ ಆಗದಿದ್ದರೆ ಕುಂಕುಮದ ಕೆಂಪು ಮತ್ತು ಬಾಳೆಯೆಲೆಯ ಹಸಿರು ಸ್ವಲ್ಪ ದಾರಿತಪ್ಪುತ್ತವೆ. ಪೆನ್ ಡ್ರೈವಿನಲ್ಲಿ ಹಾಕಿ ಊರಿಗೆ ಕಳಿಸುವುದಿದ್ದರೆ, ಎಫ್‌ಎಟಿ32 ರೂಪದ ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸದೆಂಬುದು ನೆನಪಿರಲಿ. ಕ್ಯಾಸೆಟ್ಟಿನಿಂದ ಇಳಿಸಿದ ಮೂಲ ಕಡತವನ್ನು ಎರಡು ಬೇರೆ ಡಿಸ್ಕುಗಳಲ್ಲಿ ಕಾಪಾಡಿ. ಜೊತೆಗೆ ಒಂದು ಚಿಕ್ಕ ಟಿಪ್ಪಣಿ ಕಡತದಲ್ಲಿ ಬಳಸಿದ ಮಾಡೆಲ್, ಅದರ ಆವೃತ್ತಿ, ಪ್ರತಿ ಸೆಟ್ಟಿಂಗಿನ ಅಂಕಿ ಇವನ್ನೆಲ್ಲ ಬರೆದಿಡಿ. ನನ್ನ ಟಿಪ್ಪಣಿಯ ಮೊದಲ ಸಾಲಿನಲ್ಲಿ, ಅಕ್ಷತೆ ಮತ್ತೆ ಬೀಳತೊಡಗಿದ ದಿನದ ತಾರೀಖಿನ ಪಕ್ಕದಲ್ಲಿ, ನಾಯ್ಸ್ 12 ಎಂದಿದೆ.