ಬೋಟು ನಿಂತಾಗ ಮೊದಲು ಸದ್ದು ಕೇಳಿ: ಕೃಷ್ಣಾ, ತುಂಗಭದ್ರೆಯಲ್ಲಿ ಔಟ್‌ಬೋರ್ಡ್ ಮೋಟಾರ್ ರಿಪೇರಿಯ ನನ್ನ ಅನುಭವ

ನಡುಹೊಳೆಯಲ್ಲಿ ಬೋಟು ನಿಂತಾಗ ಬರುವ ಫೋನಿನಲ್ಲಿ ಮಾತು ಒಂದೇ ಇರುತ್ತದೆ: "ಸರ, ಎಂಜಿನ್ ಕುಂತೇತ್ರಿ." ನಾನು ತಿರುಗಿ ಕೇಳುವುದೂ ಒಂದೇ: ನಿಲ್ಲುವ ಮುಂಚೆ ಸದ್ದು ಏರಿತೋ, ಇಳಿಯಿತೋ, ಇಲ್ಲ ಒಮ್ಮೆಲೇ ಕಡಿಯಿತೋ? ನೆರೆ ಬಂದಾಗ ರಾಯಚೂರು ಜಿಲ್ಲೆಯ ಕೃಷ್ಣಾ ನಡುಗಡ್ಡೆಗಳಿಗೆ ಓಡುವ 25, 40 ಎಚ್‌ಪಿ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗೆ ಕೂರಿಸುವ) ಮೋಟಾರುಗಳನ್ನೂ ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿನ ಬೋಟುಗಳನ್ನೂ ಬಿಚ್ಚಿ ಬಿಚ್ಚಿ ನನಗೆ ಖಾತ್ರಿಯಾದದ್ದು ಇಷ್ಟು: ಸೀಜ್ ಆಗಿದೆ, ಅಂದರೆ ಒಳಗೆ ಪಿಸ್ಟನ್ ಹಿಡಿದುಕೊಂಡಿದೆ ಎಂದು ಬಂದ ಮೋಟಾರುಗಳಲ್ಲಿ ಬಹುಪಾಲು ಸೀಜ್ ಆಗಿರುವುದಿಲ್ಲ. ರೋಗ ಪ್ರೊಪೆಲ್ಲರಿನಲ್ಲೋ ಪೆಟ್ರೋಲ್ ಪೈಪಿನಲ್ಲೋ ನೀರಿನ ಪಂಪಿನಲ್ಲೋ ಇರುತ್ತದೆ. ಅದನ್ನು ಗುರುತಿಸದೆ ಮತ್ತೆ ಮತ್ತೆ ಓಡಿಸಿದರೆ ಮಾತ್ರ ಮೋಟಾರ್ ನಿಜವಾಗಿ ಸೀಜ್ ಆಗುತ್ತದೆ.

ಮುಚ್ಚಳ ತೆಗೆಯುವ ಮುನ್ನ ಲಂಗರು ಬಿಡಿ, ಅದೂ ಬೋಟಿನ ಮುಂದಿನ ಮೂತಿಯಿಂದ. ಹಿಂದಿನಿಂದ ಬಿಟ್ಟರೆ ಮೋಟಾರ್ ಕೂತ ಹಲಗೆಯ ಮೇಲಿಂದ ಸೆಳವಿನ ನೀರು ಒಳಗೆ ನುಗ್ಗುತ್ತದೆ. ಹಗ್ಗ ಆಳದ ಐದು ಪಟ್ಟಾದರೂ ಇರಲಿ. ನಾರಾಯಣಪುರ ಅಣೆಕಟ್ಟೆಯಿಂದ ನೀರು ಬಿಟ್ಟ ದಿನ, ಕೆಳಗೆ ಗೂಗಲ್, ಗುರ್ಜಾಪುರದ ಬ್ಯಾರೇಜುಗಳಿವೆ ಎಂಬುದು ತಲೆಯಲ್ಲಿರಬೇಕು. ಲಂಗರು ಹಿಡಿಯದ ಬೋಟಿನಲ್ಲಿ ಸ್ಪ್ಯಾನರ್ ಮುಟ್ಟಬೇಡಿ, ಹುಟ್ಟು ಹಿಡಿಯಿರಿ.

ಸದ್ದು ಏರಿ ಬೋಟು ಮಾತ್ರ ಮೆತ್ತಗಾದರೆ ಎಂಜಿನ್ ಗಟ್ಟಿಯಾಗಿದೆ, ಅದರ ಬಲ ನೀರಿಗೆ ಇಳಿಯುತ್ತಿಲ್ಲ ಎಂದರ್ಥ. ಸಣ್ಣ ಮೋಟಾರಿನಲ್ಲಿ ಶಿಯರ್ ಪಿನ್ (ಪೆಟ್ಟು ಬಿದ್ದಾಗ ತಾನು ಮುರಿದು ಗೇರನ್ನು ಉಳಿಸುವ ಪಿನ್) ಮುರಿದಿರುತ್ತದೆ. ಅದರ ಜಾಗಕ್ಕೆ ಮೊಳೆ ಹಾಕುವವರಿದ್ದಾರೆ. ಮುಂದಿನ ಬಂಡೆಗೆ ತಾಗಿದಾಗ ಮೊಳೆ ಮುರಿಯುವುದಿಲ್ಲ, ಗೇರಿನ ಹಲ್ಲು ಮುರಿಯುತ್ತದೆ. ದೊಡ್ಡ ಮೋಟಾರಿನಲ್ಲಿ ಪಿನ್ ಬದಲು ಪ್ರೊಪೆಲ್ಲರಿನೊಳಗೆ ರಬ್ಬರ್ ಹಬ್ ಇರುತ್ತದೆ, ಪೆಟ್ಟು ಬಿದ್ದರೆ ಅದು ಜಾರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ಅದಕ್ಕೇ ನಾನು ಹಬ್ಬಿನ ಒಳಬಳೆಯಿಂದ ಪ್ರೊಪೆಲ್ಲರಿನ ಲೋಹದವರೆಗೆ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದಿಡುತ್ತೇನೆ. ಗೆರೆ ಎರಡು ತುಂಡಾಗಿ ಅತ್ತಿತ್ತ ಸರಿದಿದ್ದರೆ ಹಬ್ ಜಾರಿದೆ. ಆಗಲೂ ನಿಧಾನ ವೇಗದಲ್ಲಿ, ಥ್ರಾಟಲ್ ಏರಿಸದೆ ದಂಡೆ ಮುಟ್ಟಬಹುದು.

ಹಬ್ ಸರಿಯಿದ್ದರೆ ಮೋಟಾರಿನ ಎತ್ತರ ನೋಡುತ್ತೇನೆ. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ರೆಕ್ಕೆ ಬೋಟಿನ ತಳಕ್ಕಿಂತ ಸುಮಾರು 25 ಮಿ.ಮೀ. ಕೆಳಗಿರಬೇಕು. ಮೇಲಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಬರಿದೇ ಸುತ್ತುತ್ತದೆ. ಗಾಳಿ ತುಂಬುವ ರಬ್ಬರ್ ಬೋಟಿನಲ್ಲಿ ಇನ್ನೊಂದು ತೊಡಕಿದೆ: ರಾಯಚೂರಿನ ಬಿಸಿಲಲ್ಲಿ ದಂಡೆಯ ಮೇಲೆ ಗಟ್ಟಿಯಾಗಿ ತುಂಬಿದ ಟ್ಯೂಬು ತಣ್ಣನೆಯ ನೀರಿಗೆ ಇಳಿದ ಕೂಡಲೇ ಮೆತ್ತಗಾಗುತ್ತದೆ. ಬೋಟು ನಡುವೆ ಬಾಗಿ ಮೋಟಾರಿನ ಕೋನ ಕೆಡುತ್ತದೆ. ನೀರಿಗಿಳಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಪಂಪ್ ಹೊಡೆಯಬೇಕು.

ಹಿನ್ನೀರಿನಲ್ಲಿ ನೈಲಾನ್ ಬಲೆಯ ಕಾಟ ಹೆಚ್ಚು. ದಾರ ಪ್ರೊಪೆಲ್ಲರಿನ ಹಿಂದೆ ಸೇರಿ ಶಾಫ್ಟಿನ ಸೀಲನ್ನು ಕೊಯ್ಯುತ್ತದೆ, ಗೇರಿನೊಳಗೆ ನೀರು ಹೋಗುತ್ತದೆ. ಮೇಲಿನ ಬಲೆ ಕತ್ತರಿಸಿದರೆ ಸಾಲದು. ನಟ್ಟು ಬಿಚ್ಚಿ, ಪ್ರೊಪೆಲ್ಲರ್ ಎಳೆದು, ಬುಡದ ಎಳೆಗಳನ್ನೆಲ್ಲ ತೆಗೆಯಬೇಕು. ಗೇರ್ ಆಯಿಲ್ ಹಾಲು ಹಾಕಿದ ಚಹಾದಂತೆ ಕಂಡರೆ ಸೀಲು ಹೋಗಿದೆ. ಹೊಸ ಎಸ್‌ಎಇ 90 ಹೈಪಾಯ್ಡ್ ಆಯಿಲನ್ನು ಕೆಳಗಿನ ತೂತಿನಿಂದಲೇ ತುಂಬಬೇಕು, ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಹೊರಬರುವ ತನಕ. ಮೇಲಿನಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ. ಸ್ಕ್ರೂಗಳ ವಾಷರ್ ಪ್ರತಿ ಸಲವೂ ಹೊಸದು.

ಸದ್ದು ಇಳಿಯುತ್ತಾ ಬಂದು ನಿಂತರೆ ಕಾರಣ ಶಾಖ ಇಲ್ಲವೇ ಪೆಟ್ರೋಲ್. ನಮ್ಮಲ್ಲಿ ಶಾಖದ ಮೂಲ ಹೂಳು. ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಈಗಿನ 105.788ಕ್ಕೆ ಇಳಿದದ್ದು ಇದೇ ಹೂಳಿನಿಂದ. ಅದೇ ನೀರನ್ನು ನಮ್ಮ ಮೋಟಾರು ತಂಪಿಗಾಗಿ ಕುಡಿಯುತ್ತದೆ. ಓಡುವಾಗ ಹಿಂದೆ ಚಿಮ್ಮುವ ಸಣ್ಣ ನೀರಿನ ಧಾರೆಯ ಮೇಲೆ ಸದಾ ಕಣ್ಣಿರಲಿ. ಧಾರೆ ಸಣ್ಣಗಾದರೆ ಮೊದಲು ಆ ತೂತಿಗೆ ಗಟ್ಟಿ ನೈಲಾನ್ ದಾರ ಹಾಕಿ ನೋಡಿ, ಎಷ್ಟೋ ಸಲ ಕಟ್ಟಿದ ಕೆಸರು ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ದೋಷ ಇಂಪೆಲ್ಲರಿನದು, ಅಂದರೆ ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರದ್ದು. ಸಿಲಿಂಡರ್ ಹೆಡ್ ಮೇಲೆ ಒಂದು ಹನಿ ನೀರು ಬಿಟ್ಟಾಗ ಚುಂಯ್ ಎಂದರೆ ಅಲ್ಲಿಗೆ ಓಡಿಸುವುದು ಮುಗಿಯಿತು. ಬಕೆಟ್‌ಗಟ್ಟಲೆ ತಣ್ಣೀರು ಸುರಿಯಬೇಡಿ, ಹೆಡ್ ಸೊಟ್ಟಗಾಗುತ್ತದೆ. ತಾನಾಗಿ ಆರಲಿ.

ಇಂಪೆಲ್ಲರನ್ನು ನಾನು ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಬದಲಿಸುತ್ತೇನೆ, ನೋಡಲು ಚೆನ್ನಾಗಿದ್ದರೂ ಸರಿ. ಸ್ಪಾರ್ಕ್ ಪ್ಲಗ್ ವೈರ್ ಕಳಚಿ, ಗೇರ್ ಬದಲಿಸುವ ರಾಡಿನ ಜೋಡಣೆ ಬಿಡಿಸಿ, ಕೆಳಭಾಗದ ಬೋಲ್ಟುಗಳನ್ನು ತೆಗೆದರೆ ಗೇರ್ ಕೇಸ್ ಕೆಳಗಿಳಿಯುತ್ತದೆ. ಇಳಿಯದಿದ್ದರೆ ಬಡಿಯಬೇಡಿ, ಕೆಲವು ಮಾದರಿಗಳಲ್ಲಿ ಟ್ರಿಮ್ ಟ್ಯಾಬಿನ (ಪ್ರೊಪೆಲ್ಲರಿನ ಮೇಲಿರುವ ಸಣ್ಣ ಲೋಹದ ರೆಕ್ಕೆಯ) ಹಿಂದೆ ಒಂದು ಬೋಲ್ಟು ಅಡಗಿರುತ್ತದೆ. ಹಳೆಯ ಇಂಪೆಲ್ಲರಿನ ರೆಕ್ಕೆಗಳು ಒಂದೇ ಕಡೆ ಬಾಗಿ ಗಡುಸಾಗಿರುತ್ತವೆ, ಬುಡದಲ್ಲಿ ಕೂದಲೆಳೆಯ ಬಿರುಕು ಕಾಣುತ್ತದೆ. ಒಂದು ರೆಕ್ಕೆ ತುಂಡಾಗಿದ್ದರೆ ಆ ತುಂಡನ್ನು ಹುಡುಕಲೇಬೇಕು, ಅದು ಮೇಲೆ ಹೋಗಿ ನೀರಿನ ದಾರಿ ಮುಚ್ಚುತ್ತದೆ. ಇಂಪೆಲ್ಲರ್ ಕೂರುವ ಸ್ಟೀಲ್ ಬಟ್ಟಲಿನ ಒಳಮೈಗೆ ಉಗುರು ಆಡಿಸಿ. ಗೀರು ಉಗುರಿಗೆ ತಾಕಿದರೆ ಬಟ್ಟಲೂ ಹೊಸದು ಬೇಕು, ಇಲ್ಲದಿದ್ದರೆ ಹೊಸ ರಬ್ಬರ್ ಹೆಚ್ಚು ದಿನ ಬಾಳದು. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿಸುವ ಸಣ್ಣ ಕೀ ಜಾರದಂತೆ ಚೂರು ಗ್ರೀಸ್ ಹಚ್ಚಿ ಕೂರಿಸಿ, ಸೋಪುನೀರು ಸವರಿ, ಶಾಫ್ಟನ್ನು ಪ್ರದಕ್ಷಿಣೆಯಾಗಿ ತಿರುಗಿಸುತ್ತಾ ಬಟ್ಟಲನ್ನು ಒತ್ತಬೇಕು. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಇರಲಿ, ತುದಿಯ ಮೇಲೆ ಬೇಡ. ಅಲ್ಲಿ ಗ್ರೀಸ್ ತುಂಬಿಕೊಂಡರೆ ಶಾಫ್ಟ್ ಪೂರ್ತಿ ಕೂರುವುದಿಲ್ಲ. ನೀರಿನ ಕೊಳವೆ ತನ್ನ ರಬ್ಬರಿನೊಳಗೆ ಸೇರಿದೆಯೇ ಎಂದು ಟಾರ್ಚ್ ಹಾಕಿ ನೋಡಿಯೇ ಬೋಲ್ಟು ಬಿಗಿಯಿರಿ.

ಇಂಪೆಲ್ಲರ್ ಸಾಯುವುದು ಹೆಚ್ಚಾಗಿ ದಂಡೆಯ ಹತ್ತಿರ. ಮೊಣಕಾಲುದ್ದದ ಕೆಸರುನೀರಿನಲ್ಲಿ ಎಂಜಿನ್ ಓಡಿಸುತ್ತಲೇ ಜನರನ್ನು ಹತ್ತಿಸುತ್ತಾರೆ. ಅಲ್ಲಿ ಆಫ್ ಮಾಡಿ, ಮೋಟಾರ್ ಎತ್ತಿ, ಹುಟ್ಟಿನಿಂದ ದೂಡಿದರೆ ಪಂಪ್ ಬಾಳುತ್ತದೆ. ಸಂಜೆ ಸ್ವಚ್ಛ ನೀರಿನಲ್ಲಿ 10–15 ನಿಮಿಷ ಫ್ಲಶ್ ಮಾಡಬೇಕು.

ಪೆಟ್ರೋಲಿನ ದೋಷವನ್ನು ಪೈಪಿನ ನಡುವಿನ ಕೈಪಂಪು, ಆ ರಬ್ಬರ್ ಬುರುಡೆಯೇ ಹೇಳುತ್ತದೆ. ಒಳಗೆ ಚಪ್ಪಟೆಯಾಗಿ ಹೀರಿಕೊಂಡಿದ್ದರೆ ಟ್ಯಾಂಕಿನ ಕಡೆ ಅಡ್ಡಿಯಿದೆ, ಹತ್ತಕ್ಕೆ ಎಂಟು ಸಲ ಮುಚ್ಚಳದ ಗಾಳಿ ಸ್ಕ್ರೂ ತೆರೆದಿರುವುದಿಲ್ಲ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಕನೆಕ್ಟರಿನ ಓ-ರಿಂಗ್ ನೋಡಿ. ಒತ್ತುತ್ತಾ ಇದ್ದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂದರೆ ಎಂಜಿನ್ನಿನ ಫ್ಯೂಯೆಲ್ ಪಂಪು. ಟು-ಸ್ಟ್ರೋಕ್ ಮೋಟಾರನ್ನು ಈ ಸ್ಥಿತಿಯಲ್ಲಿ ಫುಲ್ ಥ್ರಾಟಲ್ ಎಳೆಯಲೇಬಾರದು. ಅದಕ್ಕೆ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಪಿಸ್ಟನ್ ಹಿಡಿಯುವುದು ಹೀಗೆ. 50:1 ಕೇಳುವ ಮೋಟಾರಾದರೆ 25 ಲೀಟರಿಗೆ 500 ಮಿ.ಲೀ. ಟಿಸಿ-ಡಬ್ಲ್ಯು3 (ಬೋಟ್ ಎಂಜಿನ್ನಿನ ಟು-ಸ್ಟ್ರೋಕ್) ಆಯಿಲ್ ಹಾಕಿ, ಬೈಕಿನ 2ಟಿ ಬೇಡ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರಿ ತಳದಲ್ಲಿ ಬೇರೆಯಾಗುತ್ತದೆ. ತಿಂಗಳು ದಾಟಿದ್ದನ್ನು ಬೋಟಿಗೆ ಹಾಕಬೇಡಿ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ.

ಫುಲ್ ಥ್ರಾಟಲ್‌ನಲ್ಲೂ ಆರ್‌ಪಿಎಂ ಕಂಪನಿ ಹೇಳಿದ ಮಿತಿಗೆ ಏರದಿದ್ದರೆ ಭಾರ ಜಾಸ್ತಿ. ನಡುಗಡ್ಡೆಯಿಂದ ಜನ, ಚೀಲ, ಮೇಕೆ ಎಲ್ಲ ತರಬೇಕಾದಾಗ ಒಂದೆರಡು ಇಂಚು ಕಡಿಮೆ ಪಿಚ್‌ನ (ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ) ಪ್ರೊಪೆಲ್ಲರ್ ಹಾಕುತ್ತೇನೆ. ಇಂಚಿಗೆ ಸುಮಾರು 200 ಆರ್‌ಪಿಎಂ ಏರುತ್ತದೆ.

ಸದ್ದು ಒಮ್ಮೆಲೇ ಕಡಿದರೆ ಮೊದಲು ಕೆಂಪು ಕಿಲ್ ಸ್ವಿಚ್ಚಿನ (ಕ್ಲಿಪ್ ಕಳಚಿದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ) ಕ್ಲಿಪ್ ನೋಡಿ, ಗದ್ದಲದಲ್ಲಿ ಯಾರದೋ ಕಾಲು ತಾಗಿ ಕಳಚಿರುತ್ತದೆ. ಆಮೇಲೆ ಪ್ಲಗ್ಗುಗಳು, ಫ್ಯೂಸು, ಬ್ಯಾಟರಿ ತಂತಿ. ಬೋಟಿನ ಡಬ್ಬಿಯಲ್ಲಿ ಪ್ಲಗ್ಗು, ಶಿಯರ್ ಪಿನ್ನು, ಪ್ರೊಪೆಲ್ಲರ್ ನಟ್ಟು, ಕಾಟರ್ ಪಿನ್ನು, ಓ-ರಿಂಗು, ಹರಿತವಾದ ಚಾಕು ಇಟ್ಟಿರುತ್ತೇನೆ. ಕಿಲ್ ಸ್ವಿಚ್ಚಿನ ಇನ್ನೊಂದು ಕ್ಲಿಪ್ ಮಾತ್ರ ಡಬ್ಬಿಯಲ್ಲಿಡದೆ ಸ್ಟಿಯರಿಂಗ್ ಹಿಡಿಕೆಗೇ ಕಟ್ಟುತ್ತೇನೆ. ಕ್ಲಿಪ್ ಕೈಗೆ ಕಟ್ಟಿಕೊಂಡವನು ನೀರಿಗೆ ಬಿದ್ದರೆ ಕ್ಲಿಪ್ಪೂ ಅವನ ಜೊತೆ ಹೋಗುತ್ತದೆ. ಉಳಿದವರು ಆಗ ಬೋಟು ಚಾಲೂ ಮಾಡಿಯೇ ಅವನ ಹತ್ತಿರ ಹೋಗಬೇಕು.