ಡೀಲರ್ ಮುಚ್ಚಿಟ್ಟ ಪುಟ್ಟಿಯನ್ನು ನಾನು ಸಾಬೀತು ಮಾಡಿದ್ದು ಹೀಗೆ

ಪೆಟ್ಟು ಬಿದ್ದಿಲ್ಲ ಅಂತ ಹೇಳಿ ಡೀಲರ್ ಮಾರಿದ ಹಳೇ ಕಾರಿನಲ್ಲಿ ನನಗೆ ಪುಟ್ಟಿ, ಅಂದರೆ ನೆಗ್ಗಿದ ತಗಡನ್ನು ಸಮ ಮಾಡಲು ಬಳಿಯುವ ಪೇಸ್ಟ್, ಸಿಕ್ಕಿತು. ಪೇಂಟ್ ಮೀಟರ್ (ಬಣ್ಣದ ದಪ್ಪ ಅಳೆಯುವ ಸಾಧನ) ರೀಡಿಂಗ್ ತೋರಿಸಿದರೆ ಡೀಲರ್ ದುಡ್ಡು ವಾಪಸ್ ಕೊಡ್ತಾನಾ ಅಂತ ಕೇಳಿದವರೇ ಜಾಸ್ತಿ. ಕೊಟ್ಟ. ಕಾರಿನ ಬೆಲೆಯಲ್ಲಿ ಹೆಚ್ಚುಕಮ್ಮಿ ಎಂಟನೇ ಒಂದು ಭಾಗ. ನನಗೆ ಗೊತ್ತಿರುವ ಟಿಂಕರಿಂಗ್‌ನವರೂ ಇದು ಆಗಲ್ಲ ಅಂದಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಅನುಮಾನ ಬಂದದ್ದು ಹಿಂದೆ ಸಾಮಾನು ಇಡುವ ಡಿಕ್ಕಿಯಿಂದ. ಕಾರು ತೊಳೆದಾಗಲೆಲ್ಲ ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಲ್ಲುತ್ತಿತ್ತು. ಮ್ಯಾಟ್ ಎತ್ತಿ ಟಾರ್ಚ್ ಬಿಟ್ಟೆ. ಬಲಗಡೆ ಸೀಲೆಂಟ್ (ತಗಡಿನ ಸಂದು ಮುಚ್ಚುವ ಅಂಟು) ಸಪೂರವಾಗಿ, ಒಂದೇ ಅಗಲದಲ್ಲಿ ಓಡಿದೆ. ಎಡಗಡೆ ಬ್ರಷ್‌ನಲ್ಲಿ ಬಳಿದ ಗುರುತು, ಉಗುರು ಒತ್ತಿದರೆ ಮೆತ್ತಗೆ. ಬಲಗಡೆ ತಗಡು ಬೆಸೆದ ಸ್ಪಾಟ್ ವೆಲ್ಡ್ ಗುಳಿಗಳು ಒಂದೇ ಅಂತರದಲ್ಲಿದ್ದವು. ಎಡಗಡೆ ಅವು ಕಾಣಿಸುತ್ತಲೇ ಇರಲಿಲ್ಲ, ಗ್ರೈಂಡರ್ ಹೊಡೆದು ಸವರಿದ್ದರು. ಅಂದರೆ ಎಡಗಡೆ ಪೆಟ್ಟು ಬಿದ್ದು ರಿಪೇರಿ ಆಗಿತ್ತು.

ಡೀಲರ್‌ಗೆ ಫೋಟೋ ಕಳಿಸಿದೆ. "ಸ್ಕ್ರಾಚ್ ಇತ್ತು, ಟಚಪ್ ಮಾಡಿಸಿದ್ದು ಅಷ್ಟೇ" ಎಂದ. ಈ ಉತ್ತರವನ್ನು ಮೆಸೇಜ್‌ನಲ್ಲೇ ತರಿಸಿಕೊಂಡದ್ದು ಆಮೇಲೆ ಬಹಳ ಕೆಲಸಕ್ಕೆ ಬಂತು. ಫೋನಿನಲ್ಲಿ ಆಡಿದ ಮಾತು ನಿಲ್ಲಲ್ಲ.

ಮೊದಲು ಆಯಸ್ಕಾಂತ ಹಿಡಿದೆ. ಉಪಯೋಗ ಆಗಲಿಲ್ಲ. ಬಲವಾದ ಆಯಸ್ಕಾಂತ ಒಂದೂವರೆ ಮಿಲಿಮೀಟರ್ ಪುಟ್ಟಿ ಮೇಲೂ ಗಟ್ಟಿಯಾಗಿ ಕೂರುತ್ತದೆ. ಫ್ರಿಜ್‌ಗೆ ಅಂಟಿಸುವ ತೆಳು ಪಟ್ಟಿಯೇ ವಾಸಿ, ಪುಟ್ಟಿ ಬಂದ ಕಡೆ ಜಾರುತ್ತದೆ. ಆದರೆ ಜಾರಿತು ಅಂತ ಹೇಳಿದರೆ ಯಾರು ಒಪ್ಪುತ್ತಾರೆ? ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿದ ದುಡ್ಡು ದಂಡ. ಏರ್‌ಬ್ಯಾಗ್ ಬಿಚ್ಚಿಕೊಳ್ಳದ ಪೆಟ್ಟಾದ್ದರಿಂದ ಅದರಲ್ಲಿ ದೋಷದ ಕೋಡ್ ಒಂದೂ ಇರಲಿಲ್ಲ. ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಬಿಸಿಲಿಗೆ ಕಾದ ಬಾಡಿ ಮೇಲೆ ನೀರು ಹಾಕಿ ಎಲ್ಲಿ ಮೊದಲು ಆರುತ್ತದೆ ಅಂತ ನೋಡಿದೆ. ಪುಟ್ಟಿ ಇರುವ ಕಡೆ ವ್ಯತ್ಯಾಸ ಕಾಣುತ್ತದೆ, ನಿಜ. ಗಾಳಿ ಬೀಸಿದರೆ ಎಲ್ಲ ಕಲಸಿಹೋಗುತ್ತದೆ. ಇನ್ನೂ ಯಾವಾಗಲಾದರೂ ಸರಿಯಾಗಿ ಮಾಡಿ ನೋಡಬೇಕು.

ಕೊನೆಗೆ ಮೀಟರ್ ಕೊಂಡೆ. ಒಂದು ಪ್ಯಾನೆಲ್‌ಗೆ ಪೇಂಟ್ ಹೊಡೆಸುವಷ್ಟು ಖರ್ಚು. ಎಲ್ಲರೂ ಮಾಡುವಂತೆ ಪ್ಯಾನೆಲ್‌ಗೆ ಒಂದು ರೀಡಿಂಗ್ ತೆಗೆದರೆ ಡೀಲರ್ ಸುಲಭವಾಗಿ ತಪ್ಪಿಸಿಕೊಳ್ಳುತ್ತಾನೆ. ನಾನು ಮಾಸ್ಕಿಂಗ್ ಟೇಪ್ ಅಂಟಿಸಿ ಇಡೀ ಕಾರನ್ನು ಅಂಗೈಯಗಲದ ಚೌಕಗಳಾಗಿ ಭಾಗ ಮಾಡಿದೆ. ಪ್ರತಿ ಚೌಕದಲ್ಲೂ ರೀಡಿಂಗ್ ತೆಗೆದು ಟೇಪ್ ಮೇಲೇ ಬರೆದೆ. ರೂಫ್ 105ರಿಂದ 120 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಬಲಗಡೆ ಬಾಗಿಲುಗಳು 110ರ ಆಸುಪಾಸು. ಎಡ ಹಿಂಬಾಗಿಲು 240, 260. ಇದು ಬರೀ ರೀಪೇಂಟ್, ಇದಕ್ಕೆ ನನ್ನ ತಕರಾರಿಲ್ಲ. ಎಡ ಕ್ವಾರ್ಟರ್ ಪ್ಯಾನೆಲ್‌ಗೆ (ಹಿಂಬಾಗಿಲಿನ ಆಚೆ, ಹಿಂಚಕ್ರದ ಮೇಲಿನ ತಗಡು) ಬಂದಾಗ 400, 700, 1100. ಚಕ್ರದ ಕಮಾನಿನ ಮೇಲೆ ಮೀಟರ್ ಅಂಕಿ ತೋರಿಸುವುದನ್ನೇ ನಿಲ್ಲಿಸಿತು. ಅದರ ಮಿತಿ 1300ರ ಹತ್ತಿರ. ಒಂದು ಮಿಲಿಮೀಟರ್ ದಾಟಿದ ಮೇಲೆ ಅದನ್ನು ಟಚಪ್ ಅನ್ನುವ ಹಾಗಿಲ್ಲ, ಅಲ್ವಾ?

"ಈ ಮಾಡೆಲ್‌ಗೆ ಕಂಪನಿಯಿಂದಲೇ ಪೇಂಟ್ ದಪ್ಪ" ಎಂಬ ಮಾತು ಬಂದೇ ಬರುತ್ತದೆ ಅಂತ ಗೊತ್ತಿತ್ತು. ಅದಕ್ಕೆ ಮೊದಲೇ ಅದೇ ಮಾಡೆಲ್, ಅದೇ ಬಣ್ಣದ ಪರಿಚಯದವರ ಕಾರನ್ನು ಇದೇ ಚೌಕಗಳಲ್ಲಿ ಅಳೆದಿಟ್ಟಿದ್ದೆ. ಎಲ್ಲೂ 140 ದಾಟಲಿಲ್ಲ. ನನ್ನ ಪ್ರಕಾರ ಇಡೀ ಕೆಲಸದ ಜೀವ ಈ ಎರಡನೇ ಕಾರು. ಜೊತೆಗೆ ಎಡ ಹಿಂದಿನ ಸಣ್ಣ ಗಾಜಿನ ಮೇಲಿನ ವರ್ಷದ ಗುರುತು ಉಳಿದ ಗಾಜುಗಳಿಗಿಂತ ಎರಡು ವರ್ಷ ಈಚಿನದು. ಅಂಚಿನ ರಬ್ಬರ್ ಬೀಡಿಂಗ್ ಮಡಿಸಿದರೆ ಒಳಗೆ ಪೇಂಟ್ ಧೂಳು. ಕ್ವಾರ್ಟರ್ ಪ್ಯಾನೆಲ್ ಕತ್ತರಿಸಿ ಬೆಸೆದ ಜಾಗವನ್ನು ಪಿಲ್ಲರ್ (ರೂಫ್ ಹೊರುವ ಕಂಬ) ಮೇಲೆ ಹುಡುಕಲು ನನ್ನದೇ ಒಂದು ವಿಧಾನ ಇದೆ. ಅದನ್ನು ಇಲ್ಲಿ ಹೇಳಲ್ಲ, ಡೀಲರ್‌ಗಳೂ ಓದುತ್ತಾರೆ.

ಟೇಪ್ ಅಂಟಿಸಿದ ಕಾರನ್ನೇ ಅವನ ಅಂಗಳಕ್ಕೆ ಓಡಿಸಿಕೊಂಡು ಹೋಗಿ ನಿಲ್ಲಿಸಿದೆ. ಬೇರೆ ಗಿರಾಕಿಗಳು ಸುತ್ತ ನಿಂತು ಅಂಕಿ ಓದತೊಡಗಿದರು. ಮೀಟರನ್ನು ಅವನ ಮ್ಯಾನೇಜರ್ ಕೈಗೇ ಕೊಟ್ಟು, "ನೀವೇ ಒತ್ತಿ ನೋಡಿ ಸಾರ್" ಎಂದೆ. ಅವರು ಮೊದಲು ರೂಫ್ ಮೇಲೆ ಒತ್ತಿದರು, ಆಮೇಲೆ ಕಮಾನಿನ ಮೇಲೆ. ಪೆಟ್ಟು ಬಿದ್ದಿಲ್ಲ ಎಂದು ಅವರು ಮಾರುವಾಗ ಬರೆದುಕೊಟ್ಟದ್ದು, ಟಚಪ್ ಮೆಸೇಜು, ವರ್ಕ್‌ಶಾಪ್‌ನಿಂದ ಬರೆಸಿಕೊಂಡ ವರದಿ, ರಿಪೇರಿ ಅಂದಾಜು, ಎಲ್ಲ ಒಂದೇ ಫೈಲಿನಲ್ಲಿತ್ತು. ವರದಿಗೆ ಮೀಟರಿನ ಎರಡರಷ್ಟು ಖರ್ಚಾಗಿತ್ತು. ಮೊದಲು ಉಚಿತ ಸರ್ವಿಸ್ ಕೊಡ್ತೀವಿ ಅಂದರು. ಬೇಡ, ಕಾರು ವಾಪಸ್ ತಗೊಳ್ಳಿ ಅಂದೆ. ಅಲ್ಲಿಂದ ಮಾತು ದುಡ್ಡಿಗೆ ಬಂತು. ನಾನು ಕೇಳಿದ್ದು ಐದನೇ ಒಂದು ಭಾಗ, ಹಗ್ಗಜಗ್ಗಾಟ ಆಗಿ ಎಂಟನೇ ಒಂದಕ್ಕೆ ನಿಂತಿತು.

ಆ ದುಡ್ಡಿನ ಅರ್ಧದಲ್ಲಿ ಕ್ವಾರ್ಟರ್ ಪ್ಯಾನೆಲ್ ಬಿಚ್ಚಿ ಮಾಡಿಸಿದೆ. ಕಮಾನಿನ ಮೇಲೆ ಪುಟ್ಟಿ ಮೂರು ಮಿಲಿಮೀಟರ್ ಹತ್ತಿರ ಇತ್ತು, ಅದರ ಕೆಳಗೆ ತುಕ್ಕು ಶುರುವಾಗಿತ್ತು. ಈಗ ಅಲ್ಲಿ ರೀಡಿಂಗ್ 280. ಸ್ಟೆಪ್ನಿ ಗುಂಡಿಗೂ ನೀರು ಬರುತ್ತಿಲ್ಲ.